ಯಜಮಾನರು ಇಲ್ಲ

ಡಬ್ಬಿಗೊಂದು ಉಮೆಬೊಶಿ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಅನಸೂಯಾಳ ಕೆಲಸ ಇಷ್ಟೇ. ಜಪಾನಿನ ಈ ಊಟದ ಕಾರ್ಖಾನೆಯ ಬೆಲ್ಟಿನ ಮೇಲೆ ಅನ್ನ ತುಂಬಿದ ಊಟದ ಡಬ್ಬಿಗಳು ಒಂದರ ಹಿಂದೊಂದು ಬರುತ್ತವೆ. ಉಪ್ಪಿನಲ್ಲಿ ನೆನೆದ ಆ ಕೆಂಪು ಹುಳಿಹಣ್ಣನ್ನು ಅನ್ನದ ನಟ್ಟನಡುವೆ ಇಟ್ಟು ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಇವಳು ಮೀನು ಮಾಂಸ ಮುಟ್ಟುವವಳಲ್ಲ ಎಂದು ಮೇಲ್ವಿಚಾರಕಿ ಕನಿಕರಪಟ್ಟು ಕೊಟ್ಟ ಜಾಗ. ಮೊದಲ ದಿನ ಅವಳಿಗೆ ಯಾರದೋ ಹಣೆಗೆ ಕುಂಕುಮ ಇಡುತ್ತಿದ್ದೇನೆ ಅನ್ನಿಸಿತ್ತು. ಎರಡನೆಯ ದಿನವೂ ಅನ್ನಿಸಿತು. ಆಮೇಲೆ ಏನೂ ಅನ್ನಿಸಲಿಲ್ಲ. ಈಗ ಎರಡು ವರ್ಷ ದಾಟಿದೆ.

ಪಕ್ಕದಲ್ಲಿ ನಿಂತು ಹಸಿರು ಪ್ಲಾಸ್ಟಿಕ್ ಎಲೆ ಸಿಕ್ಕಿಸುವವಳು ಓನುಕಿ ಸಾನ್. ಅರವತ್ತಾರರ ಹೆಂಗಸು, ಗಂಡನಿಲ್ಲ, ಬಾಯಿಗೆ ಬಿಡುವಿಲ್ಲ. ಆ ಶುಕ್ರವಾರ ಅವಳ ಕೆಲಸದ ಕೊನೆಯ ದಿನ. ಟೀ ಹೊತ್ತಿನಲ್ಲಿ ಅವಳು ಇದ್ದಕ್ಕಿದ್ದಂತೆ, "ಅನಾ ಸಾನ್, ನಿನ್ನ ಮನೆ ಸಾಲ ಗಂಡನ ಜೊತೆಗೇ ಹೋಯಿತಲ್ಲ, ಆದರೂ ಯಾಕಿಷ್ಟು ದುಡಿಯುತ್ತೀ?" ಎಂದಳು.

ಅನಸೂಯಾಗೆ ಅರ್ಥವಾಗಲಿಲ್ಲ. ಸಾಲ ಎಲ್ಲಿಗೆ ಹೋಗುತ್ತದೆ? ಸಾಲ ಇದೆ, ಪ್ರತಿ ತಿಂಗಳೂ ಕಟ್ಟುತ್ತಿದ್ದೇನೆ ಎಂದಳು ತನ್ನ ಹರಕು ಮುರುಕು ಜಪಾನಿಯಲ್ಲಿ. ಓನುಕಿ ಸಾನ್ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟಳು. ಕೈಗವಸಿನ ಪೊಟ್ಟಣದ ಹಿಂದೆ ದೊಡ್ಡ ಅಕ್ಷರದಲ್ಲಿ ಒಂದು ಪದ ಬರೆದು ಕೊಟ್ಟು, "ದಾನ್‌ಶಿನ್. ಇದನ್ನು ಮಗಳಿಗೆ ತೋರಿಸು. ಇವತ್ತೇ ತೋರಿಸು" ಎಂದಳು.

ಇಚಿಕಾವಾದಲ್ಲಿ ಅನಸೂಯಾಳ ಮನೆ ಮೂರನೆಯ ಮಹಡಿಯಲ್ಲಿದೆ. ಜಪಾನಿನವರು ಫ್ಲಾಟನ್ನು ಮ್ಯಾನ್ಶನ್ ಎನ್ನುತ್ತಾರೆ. ಗಂಡ ಚಂದ್ರಮೌಳಿ ಅದನ್ನು ಕೊಂಡಾಗ "ಜಪಾನಲ್ಲಿ ಮ್ಯಾನ್ಶನ್ ತಗೊಂಡೆ" ಎಂದು ಮೈಸೂರಿಗೆ ಫೋನ್ ಮಾಡಿದ್ದಕ್ಕೆ ಸೋದರತ್ತೆ ಸಾವಿತ್ರಮ್ಮ ಅರಮನೆಯೇ ಬಂತೆಂದು ಬೀದಿಗೆಲ್ಲ ಸಕ್ಕರೆ ಹಂಚಿದ್ದರು. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಮೂವತ್ತೈದು ವರ್ಷದ ಸಾಲ.

ಮಗಳು ಶರಣ್ಯಾಗೆ ಹದಿಮೂರು. ಟೆನಿಸ್ ಕ್ಲಬ್ ಮುಗಿಸಿ ಆರಕ್ಕೆ ಮನೆಗೆ ಬಂದವಳು ಪೊಟ್ಟಣದ ಮೇಲಿನ ಪದವನ್ನು ಫೋನಿನಲ್ಲಿ ಹುಡುಕಿ ಓದುತ್ತಾ ಹೋದಳು. ಓದುತ್ತಾ ಅವಳ ಹುಬ್ಬು ಗಂಟಿಕ್ಕಿತು.

"ಅಮ್ಮ, ಇದು ಇನ್ಶೂರೆನ್ಸ್. ಲೋನ್ ತಗೊಂಡೋರು ಡೈ ಆದ್ರೆ ಅವ್ರೇ ಪೂರ್ತಿ ಲೋನ್ ಕಟ್ತಾರೆ. ಆಲ್‌ಮೋಸ್ಟ್ ಎಲ್ಲರ್ಗೂ ಇರತ್ತಂತೆ. ಅಪ್ಪಂಗೆ ಇರ್ಲಿಲ್ವಾ?"

"ಗೊತ್ತಿಲ್ಲ ಕಣೇ."

"ಬ್ಯಾಂಕಲ್ಲಿ ಕೇಳಿದ್ಯಾ?"

"ಬ್ಯಾಂಕಿಗೆ ಹೇಳಿದೀನಿ, ಆವಾಗ್ಲೇ."

ಶರಣ್ಯಾ ಮತ್ತೆ ಫೋನು ನೋಡಿದಳು. ಅಡುಗೆ ಆಗಿತ್ತು. ಅನ್ನ, ಸಾರು, ಪಲ್ಯ ಎಲ್ಲಕ್ಕೂ ಮುಚ್ಚಳ ಮುಚ್ಚಿತ್ತು. ಆದರೂ ಯಾರೂ ತಟ್ಟೆ ತೆಗೆಯಲಿಲ್ಲ. ಈ ಮನೆಯಲ್ಲಿ ರಾತ್ರಿ ಊಟ ಏಳೂವರೆಗೆ. ಚಂದ್ರಮೌಳಿಯ ರೈಲು ಏಳೂ ಇಪ್ಪತ್ತಕ್ಕೆ ಬರುತ್ತಿತ್ತು, ಏಳೂವರೆಗೆ ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ, ಅಪ್ಪ ಬಂದ ಮೇಲೆ ಊಟ ಎಂಬುದು ಕಟ್ಟಳೆ. ಅಪ್ಪ ಹೋದ. ಕಟ್ಟಳೆ ಉಳಿಯಿತು. ಉಳಿದಿದೆ ಎಂದು ತಾಯಿಯೂ ಹೇಳಿದವಳಲ್ಲ, ಯಾಕೆ ಎಂದು ಮಗಳೂ ಕೇಳಿದವಳಲ್ಲ. ಮಗಳು ದಿನಾ ಬೀದಿಯ ಕೊಂಬಿನಿ ಅಂಗಡಿಯಲ್ಲಿ ಒಂದು ಅನ್ನದುಂಡೆ ಕೊಂಡು ದಾರಿಯಲ್ಲೇ ತಿಂದು, ಅದರ ಕಾಗದವನ್ನು ಚೀಲದ ತಳಕ್ಕೆ ತುರುಕಿ ಬರುತ್ತಿದ್ದಳು. ಆ ಕಾಗದಗಳು ಅನಸೂಯಾಗೆ ಎಷ್ಟೋ ಸಲ ಸಿಕ್ಕಿವೆ. ಸಿಕ್ಕರೆ ಕಸಕ್ಕೆ ಹಾಕುತ್ತಾಳೆ, ಅಷ್ಟೇ.

ಮೂರು ವರ್ಷ ಎರಡು ತಿಂಗಳ ಹಿಂದಿನ ಮಾತು. "ಹೋಗಿ ಬರ್ತೀನಿ ಕಣೇ" ಎಂದು ಹೊರಟ ಚಂದ್ರಮೌಳಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದ. ನಲವತ್ತಾರು ವಯಸ್ಸು. ಆಸ್ಪತ್ರೆ, ನಗರಸಭೆ, ಬೂದಿಯ ಕರಂಡಕ, ಎಲ್ಲಕ್ಕೂ ಓಡಾಡಿದವನು ಅವನ ಸಹೋದ್ಯೋಗಿ ಮಧುಕರ್. ಒಳ್ಳೆಯ ಹುಡುಗ. ಬೆಂಗಳೂರಿಗೆ ವರ್ಗವಾಗಿ ಹೊರಡುವ ಮುನ್ನ ಒಂದು ಪಟ್ಟಿ ಹಿಡಿದುಕೊಂಡು ಬಂದು ಒಂದೊಂದಾಗಿ ಕೇಳಿದ್ದ. ಫೋನು, ಕರೆಂಟು, ಪಿಂಚಣಿ. "ಬ್ಯಾಂಕ್‌ದು, ಅತ್ತಿಗೆ?" ಎಂದಾಗ ಅನಸೂಯಾ, "ಅವರೇ ಫೋನ್ ಮಾಡಿದ್ರು, ಹೇಳಿದೀನಿ" ಎಂದಿದ್ದಳು. ಅವನು ಪಟ್ಟಿಯಲ್ಲಿ ಸರಿ ಗುರುತು ಹಾಕಿಕೊಂಡಿದ್ದ.

ಆ ದಿನಗಳಲ್ಲಿ ಅನಸೂಯಾ ಅತ್ತಳೇ ಎಂದು ಕೇಳಿದರೆ, ಇಲ್ಲ. ಆಮೇಲೂ ಅಳಲಿಲ್ಲ. ಕಾಲಿಗೆ ಜೋಮು ಹಿಡಿದಾಗ ಕಾಲು ಇದೆಯೆಂದೇ ಗೊತ್ತಾಗುವುದಿಲ್ಲ ನೋಡಿ, ಅವಳಿಗೆ ಮೈಯೆಲ್ಲ ಹಾಗಾಗಿತ್ತು. ಬೆಳಿಗ್ಗೆ ಏಳುವುದು, ಡಬ್ಬಿಗೆ ಹಣ್ಣು ಒತ್ತುವುದು, ಪ್ರತಿ ತಿಂಗಳು ಇಪ್ಪತ್ತೈದಕ್ಕೆ ಗಂಡನ ಕಾರ್ಡು ಹಿಡಿದು ಎಟಿಎಮ್ಮಿಗೆ ಹೋಗಿ ಅವನ ಖಾತೆಗೆ ಕಂತಿನ ಹಣ ತುಂಬುವುದು. ಪಿನ್ ನಂಬರು ಅವರ ಮದುವೆಯ ತಾರೀಖು. ಅದನ್ನು ಒತ್ತುವಾಗಲೂ ಏನೂ ಅನ್ನಿಸುತ್ತಿರಲಿಲ್ಲ. ಎಲ್.ಐ.ಸಿ.ಯಿಂದ ಬಂದದ್ದು, ಕಂಪನಿ ಕೊಟ್ಟದ್ದು, ಎಲ್ಲ ಆ ಕಂತಿಗೇ ಕರಗಿತ್ತು. ಇನ್ನು ನಾಲ್ಕು ತಿಂಗಳು ಕಳೆದರೆ ಮನೆ ಮಾರಬೇಕು, ಶರಣ್ಯಾಳನ್ನು ಶಾಲೆ ಬಿಡಿಸಿ ಮೈಸೂರಿಗೆ ಹೊರಡಬೇಕು. ಕನ್ನಡ ಓದಲು ಬಾರದ ಹುಡುಗಿ ಎಂಟನೆಯ ತರಗತಿಗೆ ಅಲ್ಲಿ ಹೇಗೆ ಸೇರಿಯಾಳು ಎಂಬುದು ಮಾತ್ರ ಅವಳಿಗೆ ಒಮ್ಮೊಮ್ಮೆ ನಿದ್ದೆಗೆಡಿಸುವಷ್ಟು ಭಯ ತರುತ್ತಿತ್ತು.

ಬ್ಯಾಂಕಿಗೆ ಶರಣ್ಯಾಳೇ ಫೋನ್ ಮಾಡಿ ಸಮಯ ತೆಗೆದುಕೊಂಡಳು. ಶಾಖೆಯಲ್ಲಿ ಅವರನ್ನು ಒಳಗಿನ ಸಣ್ಣ ಕೋಣೆಗೆ ಕರೆದವರು ಹಿರಾನೋ ಸಾನ್, ಐವತ್ತು ದಾಟಿದ, ಕನ್ನಡಕವನ್ನು ಹಣೆಗೇರಿಸಿಕೊಂಡು ಕಾಗದ ಓದುವ ಮನುಷ್ಯ. ಮರಣ ಪತ್ರ ನೋಡಿದರು. ಎದ್ದು ನಿಂತು ತಲೆ ಬಾಗಿಸಿದರು. ಕೂತು ಕಂಪ್ಯೂಟರ್ ನೋಡಿದರು. ಬಹಳ ಹೊತ್ತು ನೋಡಿದರು.

"ವಿಮೆ ಇದೆ" ಎಂದರು.

ಶರಣ್ಯಾ ಅಮ್ಮನ ಕೈ ಹಿಡಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದಕ್ಕೆ ಮುಂದಿನ ಮಾತೇ ಸಾಕಾಯಿತು. ಸಾಲಗಾರ ತೀರಿಕೊಂಡ ಮೂರು ವರ್ಷದೊಳಗೆ ತಿಳಿಸಿರಬೇಕು. ಎರಡು ತಿಂಗಳ ಹಿಂದೆ ಗಡುವು ದಾಟಿದೆ. ಬ್ಯಾಂಕಿನ ದಾಖಲೆಯಲ್ಲಿ ಚಂದ್ರಮೌಳಿ ಅವರು ಈ ಹೊತ್ತಿಗೂ ಜೀವಂತವಾಗಿದ್ದಾರೆ.

ಶರಣ್ಯಾ ಒಂದೊಂದನ್ನೂ ಕನ್ನಡಕ್ಕೆ ತಿರುಗಿಸಿ ಹೇಳಿದಳು. "ಅಲೈವ್ ಇದಾರೆ ಅಂತ ಇದ್ಯಂತೆ" ಎಂದೂ ಹೇಳಿದಳು.

"ನಾನು ಹೇಳಿದೀನಿ ಅನ್ನು ಅವರಿಗೆ" ಎಂದಳು ಅನಸೂಯಾ. "ಅವರೇ ಫೋನ್ ಮಾಡಿದ್ರು. ಹೇಳಿದೀನಿ."

ಹಿರಾನೋ ಸಾನ್ ಕನ್ನಡಕ ಇಳಿಸಿ ಅವಳನ್ನೇ ನೋಡಿದರು. ಗಡುವಿನೊಳಗೆ ಬ್ಯಾಂಕಿಗೆ ತಿಳಿಸಿದ್ದು ನಿಜವಾದರೆ, ಅರ್ಜಿ ತಡವಾದದ್ದು ತಪ್ಪಲ್ಲ. ಸಾಲ ಸಾವಿನ ದಿನಕ್ಕೇ ಮುಗಿದಂತೆ. ಫೋನಿನ ಮಾತುಗಳೆಲ್ಲ ಧ್ವನಿಮುದ್ರಣವಾಗಿರುತ್ತವೆ. ಹುಡುಕಿಸುತ್ತೇನೆ, ಮುಂದಿನ ವಾರ ಬನ್ನಿ ಎಂದರು.

ಮನೆಗೆ ಬಂದು ಅನಸೂಯಾ ಬೆಂಗಳೂರಿನ ಮಧುಕರನಿಗೆ ಫೋನ್ ಮಾಡಿದಳು.

"ಏನ್ ಅತ್ತಿಗೆ ಇದು! ಲೋನ್ ಕ್ಲೋಸ್ ಆಗಿದೆ ಅಂದ್ಕೊಂಡಿದ್ದೆ ನಾನು! ನೀವು ಹೇಳಿದೀನಿ ಅಂದ್ರಲ್ಲಾ?"

"ಹೇಳಿದೀನಿ ಮಧು."

"ಏನಂತ ಹೇಳಿದ್ರಿ?"

"ಯಜಮಾನ್ರು ಇಲ್ಲ ಅಂತ."

"ಯಾವ ಭಾಷೇಲಿ?"

"ಜಪಾನೀಸಲ್ಲೇ. ಶುಜಿನ್ ವಾ ಇಮಾಸೆನ್."

ಆ ಕಡೆ ಮಧುಕರ್ ಆ ಮಾತನ್ನು ಮೆಲ್ಲಗೆ ತಾನೊಮ್ಮೆ ಹೇಳಿಕೊಂಡ.

"ಅಯ್ಯೋ ಅತ್ತಿಗೆ," ಎಂದ ಮಧುಕರ್, "ಅದು ಮನೇಲಿಲ್ಲ ಅಂತ ಆಗತ್ತೆ. ಹೊರಗೆಲ್ಲೋ ಹೋಗಿದಾರೆ ಅಂತ."

ಇಲ್ಲಿ ತಪ್ಪು ಯಾರದು ಹೇಳಿ. ಶುಜಿನ್ ಎಂದರೆ ಯಜಮಾನರು. ನಮ್ಮ ಹಾಗೇ ಅವರೂ ಗಂಡನಿಗೆ ಅದೇ ಮಾತು ಹೇಳುತ್ತಾರೆ. ಇಮಾಸೆನ್ ಎಂದರೆ ಇಲ್ಲ. ಪದಕ್ಕೆ ಪದ ಸರಿಯಾಗಿಯೇ ಇದೆ. ಆದರೆ ನಮ್ಮ ಜನಕ್ಕೆ ಸತ್ತರು ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಹೋಗಿಬಿಟ್ಟರು ಎನ್ನುತ್ತೇವೆ, ಇಲ್ಲವಾದರು ಎನ್ನುತ್ತೇವೆ, ತೀರಿಕೊಂಡರು ಎನ್ನುತ್ತೇವೆ, ಅದೂ ಹೇಗೆ, ಸಾಲವೂ ತೀರುತ್ತದೆ ಮನುಷ್ಯನೂ ತೀರುತ್ತಾನೆ ಎನ್ನುವ ಹಾಗೆ. ಮೈಸೂರಿನ ಯಾವ ಬಾಗಿಲಲ್ಲಿ ನಿಂತು ಒಬ್ಬ ಹೆಂಗಸು ತಲೆ ತಗ್ಗಿಸಿ "ಯಜಮಾನ್ರು ಇಲ್ಲ" ಅಂದರೂ ಬಂದವರು ಅವಳ ಹಣೆ ನೋಡಿ ಸುಮ್ಮನಾಗುತ್ತಾರೆ. ಫೋನಿನಲ್ಲಿ ಹಣೆ ಕಾಣುತ್ತದೆಯೇ? ಇವಳು ಸಾವಿನ ಸುದ್ದಿ ಹೇಳಿದಳು. ಅವರು ಮನೆಯಲ್ಲಿಲ್ಲ, ಇನ್ನೊಮ್ಮೆ ಮಾಡೋಣ ಎಂದುಕೊಂಡರು.

ಹಾಗಂತ ಅವಳ ಮೇಲೆ ತಪ್ಪೇ ಇಲ್ಲ ಎಂದೂ ಹೇಳಲಾರೆ. ಮೊದಲನೆಯ ಫೋನು ಸಾವಾದ ಐದು ವಾರಕ್ಕೆ ಬಂದದ್ದು. ಆಗ ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ, ದೇವರಾಣೆ. ಆದರೆ ಎಂಟು ತಿಂಗಳ ಮೇಲೆ ಇನ್ನೊಂದು ಫೋನು ಬಂದಿತ್ತು. ಆ ಹೊತ್ತಿಗೆ ಅವಳು ನಗರಸಭೆಯ ಭಾಷಾ ತರಗತಿಗೆ ಹೋಗಿ ಅಷ್ಟಿಷ್ಟು ಕಲಿತಿದ್ದಳು. ಆ ಹುಡುಗಿ ಕೇಳಿದ್ದು ಪೂರ್ತಿ ಅರ್ಥವಾಗಿತ್ತು. ಅರ್ಥವಾಗಿಯೂ ಅವಳು ಒಂದು ಮಾತು ಹೇಳಿದ್ದಳು. ಆ ಮಾತನ್ನು ಮಧುಕರನಿಗೆ ಹೇಳಲಿಲ್ಲ. ಬ್ಯಾಂಕಿನವರು ಅದನ್ನೂ ಹುಡುಕಿ ತೆಗೆದರೆ ಮನೆ ಹೋಗುತ್ತದೆ. ಮನೆಗಿಂತ ಹೆಚ್ಚಾಗಿ, ಅದನ್ನು ಶರಣ್ಯಾ ಕೇಳಿಸಿಕೊಳ್ಳುತ್ತಾಳೆ. ಒಬ್ಬಳೇ ಹೋಗೋಣವೆಂದರೆ ಅವಳ ಜಪಾನಿ ಅಷ್ಟು ದೂರ ಸಾಗುವುದಿಲ್ಲ.

ಮುಂದಿನ ವಾರ ಅದೇ ಸಣ್ಣ ಕೋಣೆ. ಮೇಜಿನ ಮೇಲೆ ಒಂದು ಪುಟ್ಟ ಸ್ಪೀಕರ್, ಮೂರು ಲೋಟ ತಣ್ಣನೆ ಟೀ. ಹಿರಾನೋ ಸಾನ್ ಮೊದಲೇ ಹೇಳಿಬಿಟ್ಟರು: ಎರಡು ಕರೆಗಳಿವೆ. ನಿಮ್ಮವರ ರೆಸಿಡೆನ್ಸ್ ಕಾರ್ಡಿನ ಹೊಸ ಪ್ರತಿ ಬೇಕಿತ್ತು, ಅದಕ್ಕೇ ಮಾಡಿದ್ದು. ಒಂದರಲ್ಲಿ ನೀವು ನಿಮ್ಮ ಭಾಷೆಯಲ್ಲಿ ಏನೋ ಹೇಳಿದ್ದೀರಿ, ಅದು ಏನೆಂದು ಮುಖ್ಯ ಕಚೇರಿಗೆ ತಿಳಿಯಬೇಕು. ಗುಂಡಿ ಒತ್ತಿದರು.

ಹುಡುಗಿಯ ನಯವಾದ ದನಿ, "ಗೊಶುಜಿನ್ ಸಾಮಾ ವಾ ಇರಶ್ಶಾಇಮಾಸ್ ಕಾ?" ಯಜಮಾನರು ಇದ್ದಾರೆಯೇ?

ಆಮೇಲೆ ಇನ್ನೊಂದು ದನಿ. ಅದು ತನ್ನದೆಂದು ಅನಸೂಯಾಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಬಾವಿಯ ತಳದಿಂದ ಬಂದ ಹಾಗಿತ್ತು. "ಶುಜಿನ್ ವಾ... ಇಮಾಸೆನ್."

ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಹುಡುಗಿ ಕೇಳಿದಳು. ಫ್ರಿಜ್ಜಿನ ಗುಂಯ್ ಶಬ್ದ ಕೇಳಿಸಿತು. ಆಮೇಲೆ ಅದೇ ದನಿ, ಕನ್ನಡದಲ್ಲಿ, "ಅವರು ಇಲ್ಲಮ್ಮ... ಹೋಗ್ಬಿಟ್ರು." ಮತ್ತೆ ಜಪಾನಿಯಲ್ಲಿ, "ಮೋ ಕಾಏರಿಮಾಸೆನ್." ಇನ್ನು ಬರುವುದಿಲ್ಲ.

ಓಹ್, ಇವತ್ತು ತಡವೇ, ಸರಿ, ಇನ್ನೊಮ್ಮೆ ಮಾಡುತ್ತೇವೆ ಎಂದು ಹುಡುಗಿ ಫೋನ್ ಇಟ್ಟಳು.

ಹಿರಾನೋ ಸಾನ್ ಶರಣ್ಯಾಳ ಕಡೆ ತಿರುಗಿದರು. ನಡುವಿನ ಮಾತು ಏನು?

ಶರಣ್ಯಾ ಯೋಚಿಸಿ ಯೋಚಿಸಿ ಹೇಳಿದಳು. "ಇಲ್ಲ" ಎಂದರೆ ಇಮಾಸೆನ್. "ಹೋಗ್ಬಿಟ್ರು" ಎಂದರೆ, ಇತ್ತೆ ಶಿಮಾಇಮಾಶಿತಾ. ಹೊರಟುಬಿಟ್ಟರು.

"ಎಲ್ಲಿಗೆ?" ಎಂದರು ಹಿರಾನೋ ಸಾನ್. ಬರೆಯುತ್ತಿದ್ದ ಪೆನ್ನು ನಿಂತಿತು. ಹೊರಟುಬಿಟ್ಟರು ಎಂದರೆ ಮನೆ ಬಿಟ್ಟು ಹೋದರು ಎಂದೂ ಆಗುತ್ತದೆ. ಅವರು ಬಹಳ ಸಂಕೋಚಪಟ್ಟು ಪರದೆಯನ್ನು ಇತ್ತ ತಿರುಗಿಸಿದರು. ಆ ಕರೆಯ ಕೆಳಗೆ ಹುಡುಗಿ ಟಿಪ್ಪಣಿ ಹಾಕಿದ್ದಳು: ಗಂಡ ಮನೆಗೆ ಬರುತ್ತಿಲ್ಲವೆಂದು ತೋರುತ್ತದೆ, ಮನೆಯ ವಿಚಾರ, ಕೆದಕುವುದು ಬೇಡ.

ಶರಣ್ಯಾ ಅದನ್ನು ಓದಿದಳು. ಅವಳ ಕಿವಿ ಕೆಂಪಾಯಿತು.

"ಅಲ್ಲ" ಎಂದಳು ಜೋರಾಗಿ. ಆಮೇಲೆ ದನಿ ತಗ್ಗಿಸಿ, ತುಂಬ ಗೌರವದ ಜಪಾನಿಯಲ್ಲಿ, ಒಂದೊಂದೇ ಮಾತು ಇಟ್ಟಳು. ನಮ್ಮ ಮನೆಯಲ್ಲಿ ಹೊರಗೆ ಹೋಗುವಾಗ ಹೋಗುತ್ತೇನೆ ಅನ್ನಬಾರದು. ನಾನು ಸಣ್ಣವಳಿದ್ದಾಗ ಹಾಗಂದು ಬೈಸಿಕೊಂಡಿದ್ದೇನೆ. ಹೋಗಿ ಬರ್ತೀನಿ ಅನ್ನಬೇಕು. ನೀವು ಇತ್ತೆಕಿಮಾಸ್ ಅನ್ನುತ್ತೀರಲ್ಲ, ಹಾಗೇ. ಬರೀ ಹೋಗುವುದು ಎಂದರೆ... ಅವಳು ಮೇಜು ನೋಡಿದಳು. "ನಾಕುನಾರಿಮಾಶಿತಾ. ಚಿಚಿ ವಾ ನಾಕುನಾರಿಮಾಶಿತಾ."

ಅಪ್ಪ ತೀರಿಕೊಂಡರು. ಎಷ್ಟು ಸಲೀಸಾಗಿ ಬಂತು ಅವಳ ಬಾಯಿಗೆ! ಶಾಲೆಯ ಫಾರ್ಮಿನಲ್ಲಿ, ಗೆಳತಿಯರ ಮುಂದೆ, ಟೀಚರ ಮುಂದೆ, ಮಗು ಅದನ್ನು ಎಷ್ಟು ಸಲ ಒಬ್ಬಳೇ ಹೇಳಿದ್ದಾಳೋ ಎಂದು ಅನಸೂಯಾಗೆ ಹೊಳೆಯಿತು. ಎದೆಯ ಹತ್ತಿರ ಎಲ್ಲೋ ಏನೋ ಚುರುಕ್ ಎಂದಿತು, ಅಷ್ಟರಲ್ಲೇ ಹೋಯಿತು.

ಹಿರಾನೋ ಸಾನ್ ಪೆನ್ನು ಕೆಳಗಿಟ್ಟಿದ್ದರು. "ಬರುತ್ತೇನೆ ಎಂಬುದಿಲ್ಲದ ಹೋಗುವಿಕೆ" ಎಂದು ತಮ್ಮಷ್ಟಕ್ಕೇ ಅಂದುಕೊಂಡು, ಅದನ್ನು ಹಾಗೇ ಬರೆದುಕೊಂಡರು. ಬರೆದು ಮುಗಿಸಿ, "ಇನ್ನೊಂದು ಕರೆ ಇದೆ" ಎಂದರು.

"ಬೇಡ" ಎಂದಳು ಅನಸೂಯಾ. "ಶರೂ, ಒಂದೇ ಸಾಕು ಅನ್ನು. ಅದರಲ್ಲಿ ಎಲ್ಲಾ ಇದೆಯಲ್ಲ."

ಶರಣ್ಯಾ ಹೇಳಿದಳು. ಕ್ಷಮಿಸಿ, ಎರಡನ್ನೂ ನಿಮ್ಮೆದುರಿಗೇ ಕೇಳಿಸಿ ಸಹಿ ಪಡೆಯಬೇಕೆಂಬ ನಿಯಮವಿದೆ ಎಂದರು ಹಿರಾನೋ ಸಾನ್.

"ಹಾಗಾದ್ರೆ ನೀನು ಸ್ವಲ್ಪ ಹೊರಗಿರು ಪುಟ್ಟಿ."

"ಯಾಕೆ?"

ಅನಸೂಯಾ ತಣ್ಣನೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಗಳು ಏಳಲಿಲ್ಲ. ಗುಂಡಿ ಒತ್ತಿಯಾಯಿತು.

ಈ ಸಲ ಬೇರೆ ಹುಡುಗಿ. ಅದೇ ಪ್ರಶ್ನೆ, ಯಜಮಾನರು ಇದ್ದಾರೆಯೇ? ಹಿಂದೆ ಕುಕ್ಕರ್ ಒಂದು ಸೀಟಿ ಹಾಕಿತು. ಆಮೇಲೆ ಅನಸೂಯಾಳ ದನಿ. ಬಾವಿಯ ತಳದ ದನಿಯಲ್ಲ. ಹಗುರಾದ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮಾತನಾಡುವ ಗೃಹಿಣಿಯ ದನಿ.

"ಸುಮಿಮಾಸೆನ್, ಕ್ಷಮಿಸಿ, ಈಗ ಇಲ್ಲ."

"ಎಷ್ಟು ಹೊತ್ತಿಗೆ ಬರುತ್ತಾರೆ?"

"ಶಿಚಿಜಿ ಹಾನ್. ಏಳೂವರೆಗೆ ಬರುತ್ತಾರೆ. ದಿನಾ ಏಳೂವರೆಗೆ."

ನಾವು ಮುಚ್ಚುವುದು ಐದಕ್ಕೆ, ಕಾಗದ ಕಳಿಸುತ್ತೇವೆ ಎಂದಳು ಹುಡುಗಿ. "ಹಾಯ್, ಆಗಲಿ, ಅವರಿಗೆ ಹೇಳ್ತೀನಿ" ಎಂದಿತು ಸ್ಪೀಕರಿನಲ್ಲಿದ್ದ ಅನಸೂಯಾಳ ದನಿ. ಅದರಲ್ಲಿ ಒಂದು ಸಣ್ಣ ನಗುವೂ ಇತ್ತು.

ಹಿರಾನೋ ಸಾನ್ ಪರದೆಯನ್ನು ನೋಡುತ್ತಿದ್ದರು, ಅಲ್ಲಿ ನೋಡುವುದು ಏನೂ ಇರಲಿಲ್ಲ. ಅವರು ಕೇಳಲೇಬೇಕಾದ ಪ್ರಶ್ನೆ ಒಂದಿತ್ತು. ಎಂಟು ತಿಂಗಳ ಮೇಲೆ ಏಳೂವರೆಗೆ ಬರುತ್ತಾರೆ ಎಂದವಳು, ಅದಕ್ಕೂ ಮೊದಲು ಸತ್ತರೆಂದು ತಿಳಿಸಿದ್ದಳು ಎಂದರೆ ಯಾರು ನಂಬುತ್ತಾರೆ?

ಶರಣ್ಯಾ ಅಮ್ಮನ ಕಡೆ ನೋಡಲಿಲ್ಲ.

"ಉಸೋ ದೆಸು" ಎಂದಳು ಅನಸೂಯಾ, ತಾನೇ. ಸುಳ್ಳು. ಆಮೇಲೆ ಆ ಭಾಷೆ ಕೈಕೊಟ್ಟಿತು. ಮೇಜಿನ ಅಂಚು ನೋಡುತ್ತಾ ಕನ್ನಡದಲ್ಲಿ ಹೇಳಿದಳು. "ಸುಳ್ಳು ಹೇಳಿದೆ ಶರೂ. ಎಲ್ಲರೂ ಹೇಗಿದೀರಿ, ಊಟ ಆಯ್ತಾ, ಧೈರ್ಯ ತಂದ್ಕೊಳಿ ಅಂತ ಕೇಳೋರು. ಎಷ್ಟೊತ್ತಿಗೆ ಬರ್ತಾರೆ ಅಂತ ಯಾರೂ ಕೇಳ್ತಿರ್ಲಿಲ್ಲ. ಆ ಹುಡುಗಿ ಕೇಳಿದ್ಳು. ಯಾರೋ ಕೇಳಿದ್ರಲ್ಲಾ ಅಂತ ಆಯ್ತು. ಒಂದ್ಸಲ ಹೇಳ್ಬೇಕು ಅನ್ನಿಸ್ತು, ಹೇಳ್ಬಿಟ್ಟೆ. ಆಮೇಲೆ ಬಂದ ಕಾಗದಗಳನ್ನ ಒಡೀಲಿಲ್ಲ. ಒಡೆದ್ರೆ ತಿದ್ದಬೇಕಾಗಿತ್ತು. ಎಲ್ಲಾ ಕಡೆ ನಾನೇ ಸಹಿ ಹಾಕಿ ಹಾಕಿ ಅವರನ್ನ ತೆಗೆಸಿದ್ದೆ. ಇಲ್ಲೊಂದು ಕಡೆ ಇದ್ರು. ಇರ್ಲಿ ಅಂತ ಬಿಟ್ಟೆ."

ಇಷ್ಟುದ್ದ ಮಾತು ಅವಳು ಮೂರು ವರ್ಷದಲ್ಲಿ ಆಡಿರಲಿಲ್ಲ. ಹಿರಾನೋ ಸಾನ್ ಹುಡುಗಿಯ ಕಡೆ ನೋಡಿದರು. ಶರಣ್ಯಾ ಅಷ್ಟಕ್ಕೂ ಸೇರಿಸಿ ಜಪಾನಿಯಲ್ಲಿ ಒಂದೇ ವಾಕ್ಯ ಹೇಳಿದಳು: ಏಳೂವರೆ ಅಪ್ಪ ಬರುತ್ತಿದ್ದ ಹೊತ್ತು, ನಾವು ಈಗಲೂ ಏಳೂವರೆಗೇ ಊಟ ಮಾಡುತ್ತೇವೆ.

ಹಿರಾನೋ ಸಾನ್ ತಲೆ ಬಾಗಿಸಿದರು. ಆಮೇಲೆ, ಎರಡು ಕರೆಯನ್ನೂ, ಈ ಮಾತನ್ನೂ ಇದ್ದದ್ದು ಇದ್ದ ಹಾಗೆ ಮುಖ್ಯ ಕಚೇರಿಗೆ ಬರೆಯುತ್ತೇನೆ ಎಂದರು. ತೀರ್ಮಾನ ನನ್ನ ಕೈಯಲ್ಲಿಲ್ಲ, ಎರಡು ವಾರ ಆಗಬಹುದು. ಒಂದು ಫಾರ್ಮು ಮುಂದಿಟ್ಟರು. ಮರಣದ ದಿನಾಂಕ ಎಂಬ ಜಾಗದಲ್ಲಿ ನಿಮ್ಮ ಕೈಯಿಂದಲೇ ಬರೆಯಬೇಕು. ಅನಸೂಯಾ ಬರೆದಳು. ಅಕ್ಷರಗಳು ಚೆನ್ನಾಗಿಯೇ ಬಂದವು.

ಆ ಎರಡು ವಾರ ತಾಯಿ ಮಗಳು ಆ ವಿಷಯ ಎತ್ತಲಿಲ್ಲ. ಅನಸೂಯಾ ಡಬ್ಬಿಗೊಂದು ಹಣ್ಣು ಒತ್ತಿದಳು. ಪಕ್ಕದಲ್ಲಿ ಓನುಕಿ ಸಾನ್ ಜಾಗಕ್ಕೆ ಹೊಸಬಳು ಬಂದಿದ್ದಳು. ಊಟ ಏಳೂವರೆಗೇ ಆಗುತ್ತಿತ್ತು. ಆದರೆ ಅದು ಯಾಕೆಂದು ಈಗ ಇಬ್ಬರಿಗೂ ಗೊತ್ತಿತ್ತು, ಗೊತ್ತಿದೆ ಎಂಬುದೂ ಗೊತ್ತಿತ್ತು. ಶರಣ್ಯಾ ಗಡಿಯಾರ ನೋಡುವಳು, ಅಮ್ಮ ನೋಡಿದಳೇ ಎಂದು ನೋಡುವಳು, ತಲೆ ತಗ್ಗಿಸುವಳು. ಸಾರು ಆರುತ್ತಿತ್ತು.

ಹದಿನಾರನೆಯ ದಿನ ಸಂಜೆ ಐದೂಮುಕ್ಕಾಲಿಗೆ ಮನೆಯ ಫೋನು ಹೊಡೆದುಕೊಂಡಿತು. ಕ್ಲಬ್ಬಿಲ್ಲದ ದಿನವಾದ್ದರಿಂದ ಶರಣ್ಯಾ ಮನೆಯಲ್ಲೇ ಇದ್ದಳು, ಎದ್ದು ಬಂದಳು. ಅಷ್ಟರಲ್ಲಿ ಅನಸೂಯಾ ತೆಗೆದುಕೊಂಡಿದ್ದಳು.

ಹಿರಾನೋ ಸಾನ್ ದನಿ, ಶಾಖೆ ಮುಚ್ಚಿದ ಮೇಲೆ ಕೂತು ಮಾಡಿದ್ದು. "ಅನಸೂಯಾ ಸಾಮಾ ವಾ ಇರಶ್ಶಾಇಮಾಸ್ ಕಾ?"

ಈ ಮನೆಗೆ ಬ್ಯಾಂಕಿನಿಂದ ಬಂದ ಯಾವ ಫೋನೂ ಅವಳನ್ನು ಕೇಳಿರಲಿಲ್ಲ. ಅನಸೂಯಾ ಇದ್ದಾರೆಯೇ ಎಂದರೆ ಏನು ಉತ್ತರ ಎಂದು ಅವಳು ಒಂದು ಕ್ಷಣ ಹುಡುಕಬೇಕಾಯಿತು.

"ಹಾಯ್," ಎಂದಳು. "ಇಮಾಸು." ಹೌದು, ಇದ್ದೇನೆ.

ಅವರು ನಿಧಾನವಾಗಿ, ಸುಲಭದ ಮಾತಿನಲ್ಲಿ ಹೇಳಿದರು. ಮೊದಲ ಕರೆಯನ್ನೇ ತಿಳಿವಳಿಕೆ ಎಂದು ಮುಖ್ಯ ಕಚೇರಿ ಒಪ್ಪಿದೆ. ಸಾಲ ಅವರು ತೀರಿಕೊಂಡ ದಿನಕ್ಕೇ ಮುಗಿದಿದೆ, ಆಮೇಲೆ ಕಟ್ಟಿದ ಕಂತುಗಳು ವಾಪಸ್ ಬರುತ್ತವೆ. ಎರಡನೆಯ ಕರೆಯ ಬಗ್ಗೆ ಅಲ್ಲಿ ಯಾರೂ ಏನೂ ಕೇಳಲಿಲ್ಲ. ಅರ್ಥವಾಯಿತೇ?

"ವಾಕಾರಿಮಾಶಿತಾ. ಅರಿಗಾತೋ ಗೊಝಾಇಮಾಸ್." ಅರ್ಥವಾಗಿತ್ತು, ಪೂರ್ತಿ. ಮನೆ ಉಳಿಯಿತು. ಶರಣ್ಯಾ ಇದೇ ಶಾಲೆಗೆ ಹೋಗುತ್ತಾಳೆ. ಅನಸೂಯಾ ಹಿಗ್ಗು ಬರುತ್ತದೇನೋ ಎಂದು ಕಾದಳು. ಬರಲಿಲ್ಲ.

ಇನ್ನೊಂದು ಮಾತು ಎಂದರು ಹಿರಾನೋ ಸಾನ್. ದಾಖಲೆಯನ್ನು ಇವತ್ತು ತಿದ್ದಿದ್ದೇವೆ. ಇನ್ನು ಮುಂದೆ ಯಜಮಾನರನ್ನು ಕೇಳಿಕೊಂಡು ನಮ್ಮಿಂದ ಫೋನ್ ಬರುವುದಿಲ್ಲ. ಇಷ್ಟು ದಿನ ತೊಂದರೆ ಕೊಟ್ಟದ್ದಕ್ಕೆ ದಯವಿಟ್ಟು ಕ್ಷಮಿಸಿ.

ಫೋನ್ ಇಟ್ಟಳು. ಇಟ್ಟ ಕೈಯನ್ನು ಅದರ ಮೇಲಿನಿಂದ ತೆಗೆಯಲಿಲ್ಲ.

"ಅಮ್ಮ? ಏನಂದ್ರು? ದೈಜೋಬು? ಎಲ್ಲಾ ಸರಿಯಾಯ್ತಾ?"

"ಆಯ್ತಂತೆ. ಮನೆ ನಮ್ಮದೇ." ಒಲೆಯ ಕಡೆ ಹೋದಳು. ಸಾರು ಆಗತಾನೆ ಕುದಿ ಬಂದಿತ್ತು, ಒಗ್ಗರಣೆ ಹಾಕಿದಳು. ಮುಚ್ಚಳ ಕೈಗೆತ್ತಿಕೊಂಡು, ಮುಚ್ಚದೆ, ಪಕ್ಕಕ್ಕಿಟ್ಟಳು.

"ಶರೂ, ತಟ್ಟೆ ಹಾಕು."

ಶರಣ್ಯಾ ಗೋಡೆ ನೋಡಿದಳು. ಆರೂ ಐದು. "ಇನ್ನೂ ಟೈಮ್ ಆಗಿಲ್ವಲ್ಲಮ್ಮ."

"ಆಗಿದೆ ಕಣೇ," ಎಂದಳು ಅನಸೂಯಾ. "ಅಪ್ಪ ಬರಲ್ಲ. ಅಪ್ಪ ಸತ್ತು ಹೋದ್ರು."

ಹುಡುಗಿ ಎರಡು ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಮುಖ ಸಣ್ಣ ಮಗುವಿನದರಂತೆ ಸೊಟ್ಟಗಾಯಿತು. "ಹಸಿವಾಗ್ತಿತ್ತಮ್ಮ" ಎಂದಳು, ಇಂಗ್ಲಿಷಿಲ್ಲದೆ, ಜಪಾನಿಯಿಲ್ಲದೆ. "ದಿನಾ ಹಸಿವಾಗ್ತಿತ್ತು ನಂಗೆ."

"ಗೊತ್ತು ಕಂದಾ. ಬಾ."

ತಟ್ಟೆಗಳನ್ನು ಅವಳ ಕೈಯಿಂದ ತೆಗೆದುಕೊಂಡು ಬಡಿಸಿದಳು. ಅನ್ನ ಹೊಗೆಯಾಡುತ್ತಿತ್ತು, ಸಾರು ಒಲೆಯಿಂದ ನೇರ ತಟ್ಟೆಗೆ ಬಂದಿತ್ತು. ಶರಣ್ಯಾ ಅಳುತ್ತಳುತ್ತಲೇ ಉಣ್ಣತೊಡಗಿದಳು. ಅನಸೂಯಾ ಆರಿದ ಊಟದ ಅಭ್ಯಾಸದಲ್ಲಿ ಊದದೆ ಮೊದಲ ತುತ್ತು ಬಾಯಿಗಿಟ್ಟಳು. ನಾಲಿಗೆ ಸುಟ್ಟಿತು. ಕಣ್ಣಲ್ಲಿ ನೀರು ತುಂಬಿ ತಟ್ಟೆಗೆ ಬಿತ್ತು. ಅವಳು ಇನ್ನೊಂದು ತುತ್ತು ಕಲಸಿದಳು.